ಜೈಲಿನ ಬಾಗಿಲಿನಿಂದ ಸೇಡಂವರೆಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರೆ ಸಾಮಾನ್ಯವಾಗಿ ಅವರು ಹೋಗಿ ಸೇರುವುದು ಕಲಬುರಗಿಯ ಕೇಂದ್ರ ಕಾರಾಗೃಹವನ್ನು. ಸೇಡಂನಿಂದ ಅಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಚಿಂಚೋಳಿಯಿಂದ ಇನ್ನೂ ದೂರ. ಕೂಲಿ ಮಾಡುವ ಮನೆಯವರು ಒಮ್ಮೆ ಮುಲಾಕಾತಿಗೆ ಹೋಗಿ ಬಂದರೆ ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜೂ ಕೈಬಿಟ್ಟಿತು. ಕೈದಿಗಳ ಸುಧಾರಣೆ ಎಂದೊಡನೆ ನಮಗೆ ನೆನಪಾಗುವುದು ಜೈಲಿನೊಳಗಿನ ಮಗ್ಗ, ಬೇಕರಿ, ಯೋಗ ತರಗತಿ, ನಾಟಕ. ಅವೆಲ್ಲ ಬೇಕು. ಆದರೆ ಜೈಲಿಗೆ ಹೋದವನು ಮತ್ತೆ ಊರಿನವನಾಗುವ ಕೆಲಸದ ಬಹುಪಾಲು ಜೈಲಿನಲ್ಲಿ ಆಗುವುದಿಲ್ಲ, ಅವನ ತಾಲ್ಲೂಕಿನಲ್ಲಿ ಆಗಬೇಕು. ನಮ್ಮಲ್ಲಿ ಆ ಹೊಣೆ ಹೊತ್ತವರು ಯಾರೆಂದು ಬೆರಳಿಟ್ಟು ತೋರಿಸುವುದು ಕಷ್ಟ, ಇಡೀ ವ್ಯವಸ್ಥೆಯ ಕೊರತೆ ಇರುವುದು ಅಲ್ಲಿಯೇ.

ಒಳಗಿರುವವರು ಯಾರು ಎಂದು ಮೊದಲು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಬಂದಿಗಳು, ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ಅಪರಾಧ ಸಾಬೀತಾಗಿಲ್ಲ. ಕಾರಾಗೃಹದ ಕೆಲಸ, ಕೂಲಿ, ತರಬೇತಿ ಎಲ್ಲವೂ ಮುಖ್ಯವಾಗಿ ಸಜಾ ಬಂದಿಗಳಿಗಾಗಿ ರೂಪುಗೊಂಡವು. 1998ರಲ್ಲಿ ಸುಪ್ರೀಂ ಕೋರ್ಟ್ ಗುಜರಾತ್ ಪ್ರಕರಣದಲ್ಲಿ ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದಿತು, ಕರ್ನಾಟಕ ಇತ್ತೀಚೆಗೆ ಆ ದಿನಗೂಲಿಯನ್ನು 500 ರೂಪಾಯಿ ದಾಟಿಸಿತು. ಒಳ್ಳೆಯ ಹೆಜ್ಜೆಯೇ ಸರಿ. ಆದರೆ ವಿಚಾರಣಾಧೀನ ಬಂದಿಗೆ ಅದರಿಂದ ಬಹಳವೇನೂ ಒದಗುವುದಿಲ್ಲ. ಆತ ಆರು ತಿಂಗಳೋ ಎರಡು ವರ್ಷವೋ ತಾರೀಖು ಎಣಿಸುತ್ತ ಕೂತು, ಕೆಲಸ ಕಲಿಯದೆ, ಸಾಲ ಏರಿಸಿಕೊಂಡು, ಬಿಟ್ಟು ಹೋಗಿದ್ದ ಊರಿಗೇ ವಾಪಸ್ ಬರುತ್ತಾನೆ.

ಜಾಮೀನು ಮಂಜೂರಾದ ಮೇಲೂ ಒಳಗೇ ಉಳಿಯುವವರ ವಿಷಯ ಇನ್ನಷ್ಟು ನೋವಿನದು. ಆದೇಶ ಬಂದರೆ ಸಾಲದು, ಜಾಮೀನುದಾರ ಬೇಕು. ಆತ ತನ್ನ ಹೊಲದ ಪಹಣಿ, ಆಧಾರ್, ಫೋಟೋ ಹಿಡಿದು ಕೋರ್ಟಿಗೆ ಬಂದು, ಆಸ್ತಿಯ ಬೆಲೆ ಹೇಳಿ, ಮುಚ್ಚಳಿಕೆಗೆ ರುಜು ಹಾಕಬೇಕು. ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಸೀಳುವವನಿಗೆ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೆಳಗೆ ದುಡಿಯುವವನಿಗೆ, ಚಿಂಚೋಳಿಯ ತಾಂಡಾದಿಂದ ಗುಳೆ ಹೋಗುವವನಿಗೆ ಸ್ವಂತ ಪಹಣಿ ಎಲ್ಲಿಂದ ಬರಬೇಕು? ಹೊಲ ಇರುವ ಹತ್ತಿರದ ನೆಂಟ ಎಷ್ಟೋ ಸಲ ಗಡಿಯಾಚೆ, ತೆಲಂಗಾಣದ ತಾಂಡೂರು ಕಡೆಯವನು. ಸೇಡಂ ಮತ್ತು ತಾಂಡೂರು ಒಂದೇ ರೈಲು ಮಾರ್ಗದಲ್ಲಿವೆ, ಎರಡರ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧಗಳಿವೆ. ಆದರೆ ಸ್ಥಳೀಯ ಜಾಮೀನುದಾರನೇ ಬೇಕು ಎಂದುಬಿಟ್ಟರೆ ಆ ನೆಂಟಸ್ತಿಕೆ ಕೆಲಸಕ್ಕೆ ಬಾರದು. ಈ ತಕರಾರನ್ನು ಸುಪ್ರೀಂ ಕೋರ್ಟ್ 1978ರಲ್ಲೇ ತಳ್ಳಿಹಾಕಿತ್ತು. ಮೋತಿರಾಮ್ ಪ್ರಕರಣದ ಅರ್ಜಿದಾರ ಒಬ್ಬ ಬಡ ಗೌಂಡಿ. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆತನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. 2023ರ ಜನವರಿಯಲ್ಲಿ ಕೋರ್ಟ್ ಮತ್ತೆ ನಿರ್ದೇಶನ ನೀಡಿತು: ಜಾಮೀನು ಆದೇಶ ಇ-ಮೇಲ್ ಮೂಲಕ ಅಂದೇ ಅಥವಾ ಮರುದಿನ ಜೈಲಿಗೆ ತಲುಪಬೇಕು, ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು.

ಹಣಕ್ಕೂ ದಾರಿ ಇದೆ. ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಡಿ ಜಾಮೀನಿಗೂ ದಂಡ ಕಟ್ಟಲೂ ನೆರವು ಸಿಗುತ್ತದೆ; ಆರಂಭದಲ್ಲಿ ಅದರ ಮಿತಿ ಜಾಮೀನಿಗೆ 40,000 ರೂಪಾಯಿ, ದಂಡಕ್ಕೆ 25,000 ರೂಪಾಯಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥನಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಜಾಮೀನಿಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು, ಹಲವು ಪ್ರಕರಣಗಳಿದ್ದವರಿಗೂ ಇಲ್ಲ. ಇನ್ನು ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ವಕೀಲರನ್ನು ಕೊಡುವ ಕಾನೂನು 1987ರದು, ಅದೇ ಕಾಯ್ದೆಯಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೂ ಜಾಗವಿದೆ. ಕಾನೂನು, ದುಡ್ಡು, ಸಮಿತಿ ಮೂರೂ ಇವೆ. ಇವನ್ನು ಕೂಡಿಸುವ ಕೈ ಬೇಕು. ಕಲಬುರಗಿಯ ಜೈಲಿನಿಂದ ವಾರಕ್ಕೊಮ್ಮೆ ತಾಲ್ಲೂಕುವಾರು ಪಟ್ಟಿ ಬಂದರೆ, ಇಂಥವನಿಗೆ ಜಾಮೀನು ಆಗಿದೆ, ಇಂಥ ಕಾರಣಕ್ಕೆ ಹೊರಬಂದಿಲ್ಲ ಎಂದು ಸೇಡಂ ಅಥವಾ ಚಿಂಚೋಳಿಯ ಸಮಿತಿಗೆ ತಿಳಿಯುತ್ತದೆ. ಅರೆಕಾನೂನು ಸ್ವಯಂಸೇವಕರೊಬ್ಬರು ಆ ಮನೆಗೆ ಹೋಗಿ ಮಾತಾಡಬಹುದು. ಕಟ್ಟಡ ಕಟ್ಟುವ ಖರ್ಚಿಲ್ಲದೆ ಜೈಲಿನ ಗಿಜಿಗಿಜಿ ಕಡಿಮೆ ಮಾಡುವ ಕೆಲಸ ಇದು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಪ್ಪೇ ಮಾಡದ ಹುಡುಗರಿಗೆ ಕೆಲಸವಿಲ್ಲ, ತೊಗರಿಗೆ ಬೆಲೆ ಸಿಕ್ಕ ವರ್ಷವೂ ಗುಳೆ ನಿಂತಿಲ್ಲ, ಹೀಗಿರುವಾಗ ಜೈಲಿಗೆ ಹೋಗಿ ಬಂದವನಿಗೆ ಏಕೆ ಮುತುವರ್ಜಿ? ಪೆಟ್ಟು ತಿಂದವನ ಗತಿ ಏನು? ಮೊದಲನೆಯದಕ್ಕೆ ಉತ್ತರ: ಇಲ್ಲಿ ಕೇಳುತ್ತಿರುವುದು ಮೀಸಲು ಕೆಲಸವಲ್ಲ, ಕೆಲಸ ಹುಡುಕಲು ಅಡ್ಡ ಬರುವುದನ್ನು ತೆಗೆಯುವುದು. ಖುಲಾಸೆಯಾದವನಿಗೂ ಊರು ಕೆಲಸ ಕೊಡದಿದ್ದರೆ ಆತ ಉಳಿಯುವುದು ಒಳಗೆ ಪರಿಚಯವಾದವರ ಸಹವಾಸದಲ್ಲಿ, ಅದರ ಬೆಲೆ ತೆರುವವರು ಅಕ್ಕಪಕ್ಕದ ಮನೆಯವರೇ. ಎರಡನೆಯದು ಹೆಚ್ಚು ತೂಕದ ಪ್ರಶ್ನೆ. 1998ರ ಅದೇ ತೀರ್ಪು ಕೈದಿಯ ಕೂಲಿಯಲ್ಲಿ ಒಂದು ಪಾಲನ್ನು ಸಂತ್ರಸ್ತರಿಗೆ ಎತ್ತಿಡುವಂತೆ ಹೇಳಿದೆ, ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯೂ ಹೋಗುವುದು ಇದೇ ಕಾನೂನು ಸೇವಾ ಪ್ರಾಧಿಕಾರಕ್ಕೆ. ಹೊಡೆತ ತಿಂದ ಮನೆಯ ಬಾಗಿಲಿಗೂ ಅದೇ ಸ್ವಯಂಸೇವಕ ಹೋಗಬೇಕು, ಮೊದಲು ಅಲ್ಲಿಗೇ ಹೋಗಬೇಕು ಎಂದು ನನ್ನ ಅನಿಸಿಕೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಸೇರಿಸಿಕೊಂಡರೆ ಊರಿನಲ್ಲಿ ಹಗೆ ಆರುವುದಿಲ್ಲ.

ಜೈಲಿಗೇ ಕಳಿಸದ ದಾರಿಗಳಿಗೂ ತಾಲ್ಲೂಕೇ ಆಧಾರ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ನ್ಯಾಯಾಧೀಶರು ಸಣ್ಣ ಅಪರಾಧದವನನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು, ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿಸಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಬಾರಿ ತಪ್ಪಿತಸ್ಥನಾಗಿ, ಅದನ್ನು ಮರಳಿಸಿದವನಿಗೆ ಇದು ಅನ್ವಯ. ಆದರೆ ನ್ಯಾಯಾಧೀಶರು ಆತನನ್ನು ಎಲ್ಲಿಗೆ ಕಳಿಸಬೇಕು? ಚಿತ್ತಾಪುರದ ಸರ್ಕಾರಿ ಆಸ್ಪತ್ರೆಗೋ, ಶಹಾಬಾದಿನ ನಗರಸಭೆಗೋ, ಯಾವುದೋ ಗ್ರಾಮ ಪಂಚಾಯಿತಿಗೋ? ಕೆಲಸ ಯಾವುದು, ಹಾಜರಿ ಹಾಕುವವರು ಯಾರು, ಆತ ಬಾರದಿದ್ದರೆ ಕೋರ್ಟಿಗೆ ಯಾರು ತಿಳಿಸಬೇಕು ಎಂಬುದು ಮೊದಲೇ ಬರೆದಿಟ್ಟಿರದಿದ್ದರೆ ನ್ಯಾಯಾಧೀಶರು ಹಳೆಯ ದಾರಿಯನ್ನೇ ಹಿಡಿಯುತ್ತಾರೆ, ಆ ಮನುಷ್ಯ ಮತ್ತೆ ಕಲಬುರಗಿಯ ಬಸ್ಸು ಹತ್ತುತ್ತಾನೆ. ಐದೂ ಊರುಗಳ ಸ್ಥಳೀಯ ಸಂಸ್ಥೆಗಳು ಇಂಥ ಕೆಲಸಗಳ ಪಟ್ಟಿಯನ್ನು ಹಾಜರಿ ಪುಸ್ತಕ ಇಡುವವರ ಹೆಸರಿನೊಂದಿಗೆ ನ್ಯಾಯಾಲಯಕ್ಕೆ ಕೊಡಲು ಬೆಂಗಳೂರಿನ ಆದೇಶಕ್ಕಾಗಿ ಕಾಯಬೇಕಾಗಿಲ್ಲ.