ಹಳೆಯ ಪ್ರೊಗ್ರಾಂಗಾಗಿ ವಿಂಡೋಸ್ ಹೇಳುವ ಸುಳ್ಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಊರೂರಿನ ಅಂಗಡಿ, ಕಚೇರಿ, ಮುದ್ರಣಾಲಯಗಳಲ್ಲಿ ವಿಂಡೋಸ್ 11 ಬಂದು ಕೂತಿತು. ಅದರ ಬೆನ್ನಿಗೇ ದೂರುಗಳೂ ಬಂದವು. ಓದುಗರೊಬ್ಬರ ಪ್ರಶ್ನೆ ಹೀಗಿದೆ: ನಿನ್ನೆಯವರೆಗೆ ಸರಿಯಾಗಿದ್ದ ಸ್ಕ್ಯಾನರ್ ಇವತ್ತು ಕಂಪ್ಯೂಟರಿನ ಕಣ್ಣಿಗೇ ಬೀಳುತ್ತಿಲ್ಲ, ವರ್ಷಗಟ್ಟಲೆ ಬಿಲ್ ಹಾಕಿಕೊಟ್ಟ ಫಾಕ್ಸ್‌ಪ್ರೊ ಪ್ರೊಗ್ರಾಂ ತೆರೆಯುತ್ತಲೇ ಇಲ್ಲ. ಇದು ವೈರಸ್ ಕಾಟವೋ, ಹೊಸ ವಿಂಡೋಸ್ ಹಾಕಿಕೊಟ್ಟವರ ಕೈಗುಣವೋ?

ಎರಡೂ ಅಲ್ಲ. ಕೈಗುಣದ ಮಾತನ್ನಂತೂ ಮೊದಲು ಬಿಟ್ಟುಬಿಡಬೇಕು. ಹಾಗೆಯೇ ಬಿಡಬೇಕಾದ ಇನ್ನೊಂದು ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಯಂತ್ರ ನಿಧಾನವಾಯಿತೆಂದರೆ ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೇಲಿಂದ ಮೇಲೆ ‘ರಿಫ್ರೆಶ್’ ಒತ್ತುವುದು ಅದು. ಕಂಪ್ಯೂಟರ್ ಹಾಕಿದ ತಕ್ಷಣ ನಾಲ್ಕು ಸಲ ರಿಫ್ರೆಶ್ ಮಾಡದೆ ಕೆಲಸವನ್ನೇ ಆರಂಭಿಸದವರು ಎಷ್ಟೋ ಮಂದಿ. ಕಂಪ್ಯೂಟರ್ ಕ್ಲಾಸುಗಳಲ್ಲಿ ಇದನ್ನು ಪಾಠವೆಂಬಂತೆ ಕಲಿಸಿದವರೂ ಇದ್ದಾರೆ. ಆ ಆಜ್ಞೆ ಮಾಡುವುದು ಒಂದೇ ಕೆಲಸ: ಡೆಸ್ಕ್‌ಟಾಪಿನಲ್ಲಿರುವ ಫೈಲುಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ ಐಕಾನ್‌ಗಳನ್ನು ಮತ್ತೊಮ್ಮೆ ಬಿಡಿಸುತ್ತದೆ. ಮೆಮೊರಿ ಖಾಲಿಯಾಗುವುದಿಲ್ಲ, ಪ್ರೊಸೆಸರಿಗೆ ಬಿಡುವು ಸಿಗುವುದಿಲ್ಲ. ಹೊಸ ವಿಂಡೋಸ್ ಹಾಕಿದ ಮೊದಲ ಕೆಲವು ದಿನ ಯಂತ್ರ ಏದುಸಿರು ಬಿಡುವುದು ನಿಜ. ಹುಡುಕಾಟಕ್ಕೆಂದು ಎಲ್ಲ ಫೈಲುಗಳ ಸೂಚಿ ತಯಾರಾಗುತ್ತಿರುತ್ತದೆ, ಅಪ್‌ಡೇಟ್‌ಗಳು ಇಳಿಯುತ್ತಿರುತ್ತವೆ, ಆಂಟಿವೈರಸ್ ಹೊಸ ಜಾಗವನ್ನೆಲ್ಲ ತಡಕುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಎಂಬ ಕಾಲಂ ನೋಡಿದರೆ ಯಾರು ದುಡಿಯುತ್ತಿದ್ದಾರೆಂದು ಗೊತ್ತಾಗುತ್ತದೆ. ಯಂತ್ರವನ್ನು ಒಂದು ರಾತ್ರಿ ಚಾಲೂ ಇಟ್ಟರೆ ಈ ಕೆಲಸಗಳಲ್ಲಿ ಬಹುಪಾಲು ಮುಗಿಯುತ್ತವೆ.

ಹಳೆಯ ಪ್ರೊಗ್ರಾಂಗಳು ಹೊಸ ವಿಂಡೋಸಿನಲ್ಲಿ ಕೆಡುವುದೇಕೆ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟೊಂದು ಹಳೆಯ ಪ್ರೊಗ್ರಾಂಗಳು ಕೆಡದೆ ಓಡುವುದಾದರೂ ಹೇಗೆ ಎಂಬುದು ಅದಕ್ಕಿಂತ ಸೊಗಸಾದ ಪ್ರಶ್ನೆ. ಅದರ ಉತ್ತರದಲ್ಲಿ ಕಂಪ್ಯೂಟರ್ ಲೋಕದ ಅತ್ಯಂತ ಸ್ವಾರಸ್ಯಕರ ಕಥೆಗಳಲ್ಲೊಂದು ಅಡಗಿದೆ.

ನಗರ ಕಟ್ಟುವ ಆಟ ‘ಸಿಮ್‌ಸಿಟಿ’ 1989ರಲ್ಲಿ ಬಂತು. ವಿಂಡೋಸ್ 3ಕ್ಕೆಂದು ಬರೆದ ಅದರ ಆವೃತ್ತಿಯಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು. ‘ಈ ಮೆಮೊರಿ ಇನ್ನು ನನಗೆ ಬೇಡ’ ಎಂದು ವಿಂಡೋಸಿಗೆ ಒಪ್ಪಿಸಿದ ಮೇಲೂ ಪ್ರೊಗ್ರಾಂ ಅದೇ ಮೆಮೊರಿಯನ್ನು ಇನ್ನೊಮ್ಮೆ ಓದುತ್ತಿತ್ತು. ವಿಂಡೋಸ್ 3 ಆ ಜಾಗವನ್ನು ಕೂಡಲೇ ಬೇರೆಯವರಿಗೆ ಕೊಡುತ್ತಿರಲಿಲ್ಲವಾದ್ದರಿಂದ ತಪ್ಪು ಯಾರಿಗೂ ಕಾಣಲಿಲ್ಲ. ವಿಂಡೋಸ್ 95ರ ಪರೀಕ್ಷೆ ನಡೆಯುವಾಗ ಆಟ ಕೆಟ್ಟಿತು. ಮೈಕ್ರೋಸಾಫ್ಟಿನವರು ತಪ್ಪನ್ನು ಪತ್ತೆ ಹಚ್ಚಿದರು. ಅದು ತಮ್ಮದಲ್ಲ ಎಂದು ಗೊತ್ತಾದ ಮೇಲೂ ಸುಮ್ಮನಾಗಲಿಲ್ಲ. ಸಿಮ್‌ಸಿಟಿ ಓಡುತ್ತಿದೆಯೇ ಎಂದು ನೋಡುವ, ಓಡುತ್ತಿದ್ದರೆ ಬಿಟ್ಟುಕೊಟ್ಟ ಮೆಮೊರಿಯನ್ನು ತಕ್ಷಣ ಕಿತ್ತುಕೊಳ್ಳದಿರುವ ವಿಶೇಷ ಏರ್ಪಾಟನ್ನು ವಿಂಡೋಸ್ 95ರ ಒಳಗೇ ಬರೆದರು. ತಂತ್ರಾಂಶ ಲೋಕದ ಬರಹಗಾರ ಜೋಯೆಲ್ ಸ್ಪೋಲ್ಸ್ಕಿ ದಾಖಲಿಸಿರುವ ಈ ಘಟನೆಯನ್ನು ತಂತ್ರಾಂಶ ಬರೆಯುವವರು ಇಂದಿಗೂ ಬೆರಗಿನಿಂದ ಹೇಳಿಕೊಳ್ಳುತ್ತಾರೆ. ಆಟ ಕೊಂಡ ಮನುಷ್ಯನಿಗೆ ತಪ್ಪು ಯಾರದೆಂಬುದು ಮುಖ್ಯವಲ್ಲ. ವಿಂಡೋಸ್ 95 ಹಾಕಿದ ಮೇಲೆ ಆಟ ನಿಂತಿತು ಎಂದಷ್ಟೇ ಅವನಿಗೆ ಕಾಣುವುದು.

ಕುಂಟುವ ಮೇಜಿನ ಕಾಲಡಿ ಇಡುವ ಮರದ ಚಕ್ಕೆಯಂಥ ಇಂಥ ಆಸರೆಗಳು ಇಂದಿನ ವಿಂಡೋಸಿನಲ್ಲೂ ಸಾವಿರಗಟ್ಟಲೆ ಇವೆ. ಯಾವ ಪ್ರೊಗ್ರಾಂಗೆ ಯಾವ ಆಸರೆ ಬೇಕೆಂಬ ಪಟ್ಟಿ ವಿಂಡೋಸಿನ ಜೊತೆಗೇ ಬರುತ್ತದೆ. ಪ್ರೊಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋದರೆ ಸಿಗುವ ‘ಕಂಪ್ಯಾಟಿಬಿಲಿಟಿ’ ಪುಟದಿಂದ ಕೆಲವನ್ನು ಬಳಕೆದಾರರೇ ಹಚ್ಚಬಹುದು. ಇವುಗಳಲ್ಲಿ ಬಹಳ ಕೆಲಸಕ್ಕೆ ಬರುವುದು ಒಂದು ಸುಳ್ಳು. ಅದು ವಿಂಡೋಸ್ ತನ್ನ ವಯಸ್ಸಿನ ಬಗ್ಗೆ ಹೇಳುವ ಸುಳ್ಳು.

ಪ್ರೊಗ್ರಾಂಗಳು ಶುರುವಾಗುವಾಗ ‘ನಿನ್ನ ಆವೃತ್ತಿ ಸಂಖ್ಯೆ ಎಷ್ಟು?’ ಎಂದು ವಿಂಡೋಸನ್ನು ಕೇಳುತ್ತವೆ. ವಿಂಡೋಸ್ 3.1ರ ಕಾಲದಲ್ಲಿ ಆ ಸಂಖ್ಯೆ 3.10. ಅನೇಕ ಪ್ರೊಗ್ರಾಮರುಗಳು ಬಿಂದುವಿನ ಹಿಂದಿನ ಅಂಕಿ 3 ಅಥವಾ ಹೆಚ್ಚು, ಮುಂದಿನದು 10 ಅಥವಾ ಹೆಚ್ಚು ಇದ್ದರೆ ಮಾತ್ರ ಮುಂದುವರಿ ಎಂದು ಬರೆದಿಟ್ಟಿದ್ದರು. ವಿಂಡೋಸ್ 95ರ ನಿಜವಾದ ಸಂಖ್ಯೆ 4.0. ನಾಲ್ಕು ಮೂರಕ್ಕಿಂತ ಹೆಚ್ಚು, ಸರಿ. ಆದರೆ ಸೊನ್ನೆ ಹತ್ತಕ್ಕಿಂತ ಕಡಿಮೆಯಲ್ಲವೆ? ‘ನಿಮ್ಮ ವಿಂಡೋಸ್ ತೀರಾ ಹಳೆಯದು’ ಎಂದು ಅಂಥ ಪ್ರೊಗ್ರಾಂಗಳೆಲ್ಲ ಮುಷ್ಕರ ಹೂಡುತ್ತಿದ್ದವು. ಅದಕ್ಕೇ ಹಳೆಯ 16 ಬಿಟ್ ಪ್ರೊಗ್ರಾಂಗಳು ಕೇಳಿದಾಗ ವಿಂಡೋಸ್ 95 ತನ್ನನ್ನು 3.95 ಎಂದು ಹೇಳಿಕೊಂಡಿತು. ಮೈಕ್ರೋಸಾಫ್ಟಿನ ಹಿರಿಯ ಎಂಜಿನಿಯರ್ ರೇಮಂಡ್ ಚೆನ್ ಇಂಥ ಪ್ರಸಂಗಗಳನ್ನು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ.

ಈ ಚಾಳಿ ಮುಂದುವರಿದಿದೆ. ವಿಂಡೋಸ್ ವಿಸ್ಟಾದ ಸಂಖ್ಯೆ 6.0. ಅದರ ನಂತರ ಬಂದ ವಿಂಡೋಸ್ 7ರ ಒಳಗಿನ ಸಂಖ್ಯೆ 7 ಅಲ್ಲ, 6.1. ಆರನ್ನೇ ಹುಡುಕುವ ಪ್ರೊಗ್ರಾಂಗಳು ಗಾಬರಿಯಾಗದಿರಲೆಂದು ಹಾಗೆ ಇಟ್ಟರು. ವಿಂಡೋಸ್ 11 ಇರುವವರು ಕಮಾಂಡ್ ಪ್ರಾಂಪ್ಟ್ ತೆರೆದು ‘ವಿ, ಇ, ಆರ್’ ಎಂಬ ಮೂರಕ್ಷರ ಟೈಪ್ ಮಾಡಿ ನೋಡಬಹುದು. ಬರುವ ಸಂಖ್ಯೆ 10.0! ಅದರ ಮುಂದಿನ ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕೂ ಹೆಚ್ಚಿರುವುದರಿಂದಷ್ಟೇ ಇದು ಹನ್ನೊಂದು ಎಂದು ತಿಳಿಯುವುದು.

ಇಷ್ಟೆಲ್ಲ ಇದ್ದೂ ಸ್ಕ್ಯಾನರ್ ಏಕೆ ಸತ್ತಿತು? ಅಲ್ಲಿ ಸುಳ್ಳು ನಡೆಯುವುದಿಲ್ಲ. ಸ್ಕ್ಯಾನರ್, ಪ್ರಿಂಟರ್, ಗ್ರಾಫಿಕ್ಸ್ ಕಾರ್ಡ್‌ಗಳ ಜೊತೆ ಮಾತಾಡಲು ‘ಡ್ರೈವರ್’ ಎಂಬ ಪುಟ್ಟ ತಂತ್ರಾಂಶ ಬೇಕು, ಅದನ್ನು ಬರೆಯಬೇಕಾದವರು ಆ ಸಾಧನ ಮಾಡಿದ ಕಂಪನಿಯವರು. ಎಷ್ಟೋ ಡ್ರೈವರ್‌ಗಳು ವಿಂಡೋಸಿನ ತೀರಾ ಒಳಗಿನ ಭಾಗವಾದ ಕರ್ನೆಲ್‌ನಲ್ಲೇ ಕೂತು ಕೆಲಸ ಮಾಡುತ್ತವೆ. ಅಲ್ಲೊಂದು ತಪ್ಪಾದರೆ ಇಡೀ ಯಂತ್ರವೇ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಒಳಗಿನ ಕಟ್ಟಡ ಬದಲಾದರೆ ಡ್ರೈವರನ್ನು ಹೊಸದಾಗಿ ಬರೆಯಲೇಬೇಕು. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಪ್ರೊಗ್ರಾಂ ಓಡುತ್ತದೆ, ಆದರೆ 32 ಬಿಟ್ಟಿನ ಕರ್ನೆಲ್ ಡ್ರೈವರ್ ಓಡುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹದಿನೈದು ವರ್ಷದ ಹಿಂದಿನ ಸ್ಕ್ಯಾನರಿಗೆ ಕಂಪನಿ ಹೊಸ ಡ್ರೈವರ್ ಬರೆದಿಲ್ಲವೆಂದರೆ, ಗಾಜು, ದೀಪ, ಮೋಟಾರು ಎಲ್ಲ ಗಟ್ಟಿಮುಟ್ಟಾಗಿದ್ದರೂ ಅದು ಮೂಲೆ ಸೇರುತ್ತದೆ.

ಈ ಸಂಕಟ ಮೈಕ್ರೋಸಾಫ್ಟಿನ ದೊಡ್ಡವರನ್ನೂ ಬಿಟ್ಟಿಲ್ಲ. ವಿಂಡೋಸ್ ವಿಸ್ಟಾ 2007ರ ಜನವರಿ 30ರಂದು ಮಾರುಕಟ್ಟೆಗೆ ಬಂತು. ‘ವಿಸ್ಟಾಗೆ ಸಮರ್ಥ’ ಎಂದು ಸ್ಟಿಕ್ಕರ್ ಅಂಟಿಸಿ ಮಾರಿದ ಕಂಪ್ಯೂಟರುಗಳ ವಿಷಯದಲ್ಲಿ ಮೈಕ್ರೋಸಾಫ್ಟಿನ ವಿರುದ್ಧ ಗ್ರಾಹಕರು ಸಿಯಾಟಲ್‌ನ ನ್ಯಾಯಾಲಯಕ್ಕೆ ಹೋದರು, 2008ರಲ್ಲಿ ಕಂಪನಿಯ ಒಳಗಿನ ಇ-ಮೇಲ್‌ಗಳು ಬಹಿರಂಗವಾದವು. ಕಂಪನಿಯ ಮಾಜಿ ಅಧ್ಯಕ್ಷ, ಆಗ ನಿರ್ದೇಶಕ ಮಂಡಳಿಯಲ್ಲಿದ್ದ ಜಾನ್ ಶಿರ್ಲಿ ತಮ್ಮ ಎಪ್ಸನ್ ಪ್ರಿಂಟರಿಗೂ, ಸ್ಕ್ಯಾನರಿಗೂ, ನಿಕಾನ್ ಫಿಲ್ಮ್ ಸ್ಕ್ಯಾನರಿಗೂ ವಿಸ್ಟಾ ಡ್ರೈವರ್ ಸಿಗುತ್ತಿಲ್ಲವೆಂದು ಬರೆದಿದ್ದರು. ಉತ್ತರ ಕೊಟ್ಟ ಹಿರಿಯ ಅಧಿಕಾರಿ ಸ್ಟೀವನ್ ಸಿನೋಫ್ಸ್ಕಿ, ವಿಸ್ಟಾ ನಿಜಕ್ಕೂ ಬರುತ್ತದೆಂದು ಸಾಧನ ತಯಾರಕರು ನಂಬಿಯೇ ಇರಲಿಲ್ಲ, ಹಾಗಾಗಿ ಕೆಲಸ ಶುರು ಮಾಡಿದ್ದು ಬಹಳ ತಡವಾಗಿ ಎಂದು ವಿವರಿಸಿದ್ದರು. ಇನ್ನೊಬ್ಬ ಹಿರಿಯ ಅಧಿಕಾರಿ ಮೈಕ್ ನ್ಯಾಶ್, ಆ ಸ್ಟಿಕ್ಕರ್ ನಂಬಿ ಕೊಂಡ ಲ್ಯಾಪ್‌ಟಾಪ್ ಈಗ ತಮ್ಮ ಪಾಲಿಗೆ ಇ-ಮೇಲ್ ನೋಡುವುದಕ್ಕಷ್ಟೇ ಲಾಯಕ್ಕಾದ 2,100 ಡಾಲರಿನ ಯಂತ್ರವಾಗಿದೆ ಎಂದು ಅಲವತ್ತುಕೊಂಡಿದ್ದರು. ಅದೇ ದಾಖಲೆಗಳಲ್ಲಿದ್ದ ಒಂದು ಲೆಕ್ಕದ ಪ್ರಕಾರ 2007ರಲ್ಲಿ ನಮೂದಾದ ವಿಸ್ಟಾ ಕುಸಿತಗಳಲ್ಲಿ ಶೇ. 28ಕ್ಕೂ ಹೆಚ್ಚು ಎನ್ವಿಡಿಯಾ ಡ್ರೈವರ್‌ಗಳಿಂದ ಆದದ್ದು. ಮೈಕ್ರೋಸಾಫ್ಟಿನ ಸ್ವಂತ ಪಾಲು ಸುಮಾರು ಶೇ. 18. ಬೈಗುಳವೆಲ್ಲ ಬಿದ್ದದ್ದು ವಿಸ್ಟಾದ ತಲೆಗೆ.

ಮೂಲೆ ಸೇರಿದ ಸ್ಕ್ಯಾನರಿಗೆ ಇನ್ನೊಂದು ಅವಕಾಶ ಕೊಡದೆ ಗುಜರಿಗೆ ಹಾಕುವುದು ದೊಡ್ಡ ಅನ್ಯಾಯ. ‘ವ್ಯೂಸ್ಕ್ಯಾನ್’ ಎಂಬ ತಂತ್ರಾಂಶ ತಯಾರಕರು ಕೈಬಿಟ್ಟ ಸಾವಿರಾರು ಸ್ಕ್ಯಾನರುಗಳಿಗೆ ತಾನೇ ಡ್ರೈವರ್ ಒದಗಿಸುತ್ತದೆ. ದುಡ್ಡು ಕೊಡಬೇಕು, ಆದರೆ ಮೊದಲು ಉಚಿತವಾಗಿ ಪ್ರಯತ್ನಿಸಿ ನೋಡಬಹುದು. ಲಿನಕ್ಸ್‌ನಲ್ಲಿ ‘ಸೇನ್’ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸವನ್ನು ಉಚಿತವಾಗಿ ಮಾಡುತ್ತದೆ.

ಡಾಸ್ ಕಾಲದ ಫಾಕ್ಸ್‌ಪ್ರೊ ನಿಂತದ್ದಕ್ಕೆ ಕಾರಣ ಪ್ರೊಸೆಸರಿನಲ್ಲೇ ಇದೆ. ಡಾಸ್ ಪ್ರೊಗ್ರಾಂಗಳನ್ನು ಓಡಿಸಲು 32 ಬಿಟ್ ವಿಂಡೋಸ್ ಬಳಸುತ್ತಿದ್ದ ವಿಶೇಷ ಸ್ಥಿತಿಯೊಂದು, ಪ್ರೊಸೆಸರ್ 64 ಬಿಟ್ಟಿಗೆ ಹೊರಳಿದಾಗ ಲಭ್ಯವಿರುವುದಿಲ್ಲ. ಡಾಸ್‌ಬಾಕ್ಸ್‌ನಂಥ ತಂತ್ರಾಂಶಗಳು ಇಡೀ ಹಳೆಯ ಯಂತ್ರವನ್ನೇ ಅನುಕರಿಸುವುದರಿಂದ ಅವುಗಳಲ್ಲಿ ಎಷ್ಟೋ ಹಳೆಯ ಪ್ರೊಗ್ರಾಂಗಳು ಮತ್ತೆ ಏಳುತ್ತವೆ.

ಮತ್ತೆ ವಿಸ್ಟಾದ ಮಾತಿಗೆ ಬಂದರೆ, ಅದರಲ್ಲಿ ಜನ ಅತಿ ಹೆಚ್ಚು ಬೈದದ್ದು ಡ್ರೈವರ್‌ಗಳಿಗಲ್ಲ, ಬೇರೊಂದಕ್ಕೆ. ಏನು ಮಾಡಹೋದರೂ ಪರದೆ ಮಬ್ಬಾಗಿ ‘ಅನುಮತಿ ಇದೆಯೇ?’ ಎಂದು ಎದ್ದು ನಿಲ್ಲುತ್ತಿದ್ದ ಪ್ರಶ್ನೆ ಅದು. ವಿಸ್ಟಾಕ್ಕಿಂತ ಮುಂಚಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಬಹುತೇಕ ಎಲ್ಲರೂ ಯಜಮಾನರಾಗಿಯೇ ಲಾಗಿನ್ ಆಗುತ್ತಿದ್ದರಿಂದ ಪ್ರೊಗ್ರಾಂಗಳು ಎಲ್ಲೆಂದರಲ್ಲಿ ಕೈ ಹಾಕುತ್ತಿದ್ದವು, ವೈರಸ್‌ಗಳೂ ಅಷ್ಟೇ. ಬಳಕೆದಾರರಿಗೆ ಕಿರಿಕಿರಿಯಾಗಲಿ ಎಂದೇ ಇದನ್ನು ಇಟ್ಟೆವು ಎಂದು ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ 2008ರಲ್ಲಿ ಸಭೆಯೊಂದರಲ್ಲಿ ಬಹಿರಂಗವಾಗಿ ಹೇಳಿದರು. ಜನ ರೇಗಿದರೆ ತಂತ್ರಾಂಶ ಕಂಪನಿಗಳು ತಮ್ಮ ಪ್ರೊಗ್ರಾಂಗಳನ್ನು ತಿದ್ದಿಕೊಳ್ಳುತ್ತವೆ ಎಂಬ ಲೆಕ್ಕಾಚಾರ. ಅದು ಫಲಿಸಿತು ಕೂಡ. ಅಂಥ ಪ್ರಶ್ನೆ ಎಬ್ಬಿಸುವ ಪ್ರೊಗ್ರಾಂ ಮತ್ತು ಕೆಲಸಗಳ ಸಂಖ್ಯೆ 2007ರ ಆಗಸ್ಟ್‌ನಲ್ಲಿ ಸುಮಾರು 7.75 ಲಕ್ಷ ಇದ್ದದ್ದು ಒಂದು ವರ್ಷದಲ್ಲಿ 1.68 ಲಕ್ಷಕ್ಕೆ ಇಳಿಯಿತು. ಆದರೂ ಕಂಪನಿಗಳನ್ನು ತಿದ್ದಲು ಕೋಟಿಗಟ್ಟಲೆ ಜನರ ತಾಳ್ಮೆಯನ್ನು ಹೀಗೆ ಬಳಸಿಕೊಂಡದ್ದು ನ್ಯಾಯವೆನಿಸುವುದಿಲ್ಲ. ಜನರಿಗೆ ಮೊದಲೇ ತಿಳಿಸಿ ಹೇಳಬೇಕಿತ್ತು.

ಕನ್ನಡಿಗರಿಗೆಂದೇ ಮೀಸಲಾದ ಸಂಕಟವೊಂದಿದೆ. ಹೊಸ ವಿಂಡೋಸ್ ಹಾಕಿ ಹಳೆಯ ಕನ್ನಡ ಫೈಲ್ ತೆರೆದರೆ ಪುಟದ ತುಂಬ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ. ವೈರಸ್ ತಿಂದಿತು ಎಂದು ಅಳಿಸಿ ಹಾಕಿದವರಿದ್ದಾರೆ. ದಯವಿಟ್ಟು ಅಳಿಸಬೇಡಿ! ಆ ಫೈಲಿಗೆ ಏನೂ ಆಗಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಫೈಲಿನೊಳಗೆ ಮೊದಲಿಂದಲೂ ಇದ್ದದ್ದು ಆ ರೋಮನ್ ಸಂಕೇತಗಳೇ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಫಾಂಟ್ ಹಾಕಿದ ಕೂಡಲೇ ಕನ್ನಡ ಮರಳುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದರೂ ನಮ್ಮ ಮುದ್ರಣಾಲಯಗಳು ಬದಲಾಗಲಾರದೆ ಹೋದವು. ಅವರ ದಿನದ ಕೆಲಸವೆಲ್ಲ ನಡೆಯುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ, ಅದೇ 2001ರ 7ನೇ ಆವೃತ್ತಿಯ ನಂತರ ಅದರ ಬೆಳವಣಿಗೆಯೇ ನಿಂತಿತು. ಪುಸ್ತಕಗಳು, ಸ್ಮರಣ ಸಂಚಿಕೆಗಳು, ಸಂಘಗಳ ದಾಖಲೆಗಳು ಇಂದಿಗೂ ಆ ಹಳೆಯ ಸಂಕೇತಗಳಲ್ಲೇ ಉಳಿದಿವೆ.

ಯಂತ್ರ ಬದಲಿಸುವ ಮುನ್ನವೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟರೆ ಒಳ್ಳೆಯದು. ನುಡಿ, ಬರಹ ಎರಡರಲ್ಲೂ ಅದಕ್ಕೆ ಸೌಲಭ್ಯವಿದೆ. ಮೂಲ ಫೈಲನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಜೋಪಾನ ಮಾಡಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತಿರುವ ಪದಗಳನ್ನು ಒಂದೊಂದಾಗಿ ನೋಡಿಕೊಳ್ಳಬೇಕು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ಅರ್ಕಾವತ್ತು ಅಕ್ಷರದ ನಂತರ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫ ಮೊದಲು ಬರಬೇಕು. ಸೂರ್ಯ, ಧರ್ಮ, ಕಾರ್ಕಳಗಳು ತಪ್ಪಾಗುವ ಸಂಭವ ಹೆಚ್ಚಿರುವುದು ಈ ಅದಲುಬದಲಿನಲ್ಲೇ.