ಕತ್ತು, ಮೇಲ್ಬೆನ್ನಿನ ನೋವು: ಚಿಕಿತ್ಸೆಗೆ ಕೆಲಸದ ಸ್ಥಳದ ಮಾಹಿತಿಯೂ ಅಗತ್ಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ವ್ಯಾಪಾರೋದ್ಯಮದಲ್ಲಿ ಕೈಕೆಲಸದ ಪಾಲು ದೊಡ್ಡದು. ನಿಪ್ಪಾಣಿಯ ಬೀಡಿ ಕಾರ್ಮಿಕ ಮಹಿಳೆಯರು ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಗಂಟೆಗಟ್ಟಲೆ ತಲೆ ಬಾಗಿಸಿ ಕುಳಿತಿರುತ್ತಾರೆ. ಅಥಣಿಯ ಚರ್ಮ ಕುಶಲಕರ್ಮಿಗಳು ನೆಲದ ಮೇಲೆ ಕುಳಿತು ಚಪ್ಪಲಿ ಹೊಲಿಯುತ್ತಾರೆ. ಕಬ್ಬು ಕಟಾವಿನ ಕಾರ್ಮಿಕರು ತಲೆಯ ಮೇಲೆ ಹೊರೆ ಹೊರುತ್ತಾರೆ. ಇವರೆಲ್ಲರಿಗೂ ಕತ್ತು ಮತ್ತು ಮೇಲ್ಬೆನ್ನಿನ ನೋವಿನ ಅಪಾಯವಿದೆ.

ವಯಸ್ಕರ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಸ್ನಾಯುಗಳ ಶ್ರಮ ಹೆಚ್ಚುತ್ತದೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, 60 ಡಿಗ್ರಿ ಬಾಗಿದಾಗ ಕತ್ತಿನ ಮೇಲಿನ ಭಾರ ಸುಮಾರು 27 ಕಿಲೋ ಆಗುತ್ತದೆ. ವಿರಾಮವಿಲ್ಲದೆ ಬಿಗಿದಿರುವ ಸ್ನಾಯು ದಣಿದು ನೋಯುತ್ತದೆ.

ವೈದ್ಯರಿಗೆ ಕಾಣುವುದು ನೋವು ಮಾತ್ರ. ಕುಳಿತುಕೊಳ್ಳುವ ಭಂಗಿ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ತೋರುವ ಸವೆತ ನೋವಿಲ್ಲದವರಲ್ಲಿಯೂ ಇರುವುದುಂಟು. ಆದಕಾರಣ ಗುಳಿಗೆಯಿಂದ ತಾತ್ಕಾಲಿಕವಾಗಿ ಶಮನಗೊಂಡ ನೋವು, ಅದೇ ಭಂಗಿಯಲ್ಲಿ ಕೆಲಸ ಮುಂದುವರಿದಾಗ ಮರುಕಳಿಸಬಹುದು.

ಈ ಕೊರತೆ ನೀಗಲು ಸಂಶೋಧಕರು ಎರಡು ಸರಳ ಸಾಧನಗಳನ್ನು ಬಳಸುತ್ತಾರೆ. 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿಯು ದೇಹದ 9 ಭಾಗಗಳಲ್ಲಿ ಕಳೆದ 12 ತಿಂಗಳು ಹಾಗೂ 7 ದಿನಗಳಲ್ಲಿ ನೋವಿತ್ತೇ, ಅದರಿಂದ ಕೆಲಸಕ್ಕೆ ಅಡ್ಡಿಯಾಯಿತೇ ಎಂದು ಕೇಳುತ್ತದೆ. 1993ರ 'ರೂಲಾ' ಪದ್ಧತಿಯು ಭಂಗಿಯನ್ನು ನೋಡಿ 1ರಿಂದ 7ರವರೆಗೆ ಅಂಕ ನೀಡುತ್ತದೆ. 7 ಎಂದರೆ ತಕ್ಷಣ ಬದಲಾವಣೆ ಅಗತ್ಯ. ಎರಡಕ್ಕೂ ದುಬಾರಿ ಯಂತ್ರ ಬೇಕಿಲ್ಲ.

ಉದ್ಯಮಿಗಳು ಸ್ಥಳೀಯ ವೈದ್ಯರು ಅಥವಾ ಫಿಸಿಯೋಥೆರಪಿಸ್ಟರ ನೆರವಿನಿಂದ ಇಂತಹ ಸಮೀಕ್ಷೆ ನಡೆಸಬಹುದು. ಆದರೆ ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ವಿಶ್ರಾಂತಿಯೆಂದರೆ ನಷ್ಟ. ಕೆಲಸ ತಪ್ಪೀತೆಂಬ ಭಯದಿಂದ ಅವರು ನೋವನ್ನು ಮುಚ್ಚಿಡಬಹುದು. ಆದ್ದರಿಂದ ಉತ್ತರಗಳು ವೈದ್ಯರ ಬಳಿಯೇ ಗೋಪ್ಯವಾಗಿರಬೇಕು. ಮಾಲೀಕರಿಗೆ ಒಟ್ಟು ಅಂಕಿಗಳಷ್ಟೇ ಸಾಕು.

ಅನಂತರ ಕೆಲಸದ ಎತ್ತರ ಹೆಚ್ಚಿಸುವ ಮಣೆ, ಬೆನ್ನಿಗೆ ಆಸರೆ, ಅರ್ಧ ಗಂಟೆಗೊಮ್ಮೆ ಕಿರುವಿರಾಮ, ಕೆಲಸದ ಅದಲುಬದಲು ಹಾಗೂ ವೈದ್ಯರು ಸೂಚಿಸಿದ ವ್ಯಾಯಾಮಗಳನ್ನು ಪ್ರಯೋಗಿಸಿ, ಮೂರು ತಿಂಗಳ ಬಳಿಕ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಕೈ ಜೋಮು, ಹಿಡಿತ ಸಡಿಲಿಕೆ, ನಡಿಗೆಯಲ್ಲಿ ತೊಡಕು, ಜ್ವರ ಅಥವಾ ಎದೆನೋವು ಜೊತೆಗಿದ್ದರೆ ಸಮೀಕ್ಷೆಗೆ ಕಾಯದೆ ಆಸ್ಪತ್ರೆಗೆ ಕಳುಹಿಸುವುದು ಕರ್ತವ್ಯ.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಪ್ರದೇಶದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಮಾನ್ಯತೆಗೆ ಆಧಾರ ಕುಶಲ ಕೈಗಳು. ನುರಿತ ಕೆಲಸಗಾರರೊಬ್ಬರು ನೋವಿನಿಂದ ಕೆಲಸ ಬಿಟ್ಟರೆ ಅವರ ಸ್ಥಾನ ತುಂಬಲು ವರ್ಷಗಳೇ ಬೇಕು; ಒಂದು ಮಣೆಗೆ ತಗಲುವ ವೆಚ್ಚ ಅದರ ಮುಂದೆ ಅತ್ಯಲ್ಪ.