ನಾಡಿಯೊಂದೇ ಸಾಲದು: ಚೀನೀ ವೈದ್ಯರ ರೋಗಪರೀಕ್ಷೆ

ಚೀನಾ ದೇಶದ ಹಳೆಯ ವೈದ್ಯಪದ್ಧತಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. ಗಡ್ಡದ ಮುದುಕರೊಬ್ಬರು ಕಣ್ಣು ಮುಚ್ಚಿ, ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕುಳಿತಿರುತ್ತಾರೆ. ರೋಗಿ ಬಾಯಿ ಬಿಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವೈದ್ಯರೇ ರೋಗದ ಹುಟ್ಟು ಬೆಳವಣಿಗೆಗಳನ್ನೆಲ್ಲ ಹೇಳಿಬಿಡುತ್ತಾರೆ. ಚಿತ್ರ ಸೊಗಸಾಗಿದೆ. ಆದರೆ ಆ ದೇಶದ ವೈದ್ಯಗ್ರಂಥಗಳು ಹೇಳುವುದೇ ಬೇರೆ. ಅವುಗಳ ಪ್ರಕಾರ ರೋಗಪರೀಕ್ಷೆಯ ಬಗೆಗಳು ನಾಲ್ಕು. ನಾಡಿ ಹಿಡಿಯುವುದು ಅವುಗಳಲ್ಲಿ ಕೊನೆಯದು.

ಚೀನೀ ಭಾಷೆಯಲ್ಲಿ ಇವನ್ನು ವಾಂಗ್, ವೆನ್, ವೆನ್, ಚಿಯೆ ಎನ್ನುತ್ತಾರೆ. ವಾಂಗ್ ಎಂದರೆ ನೋಡುವುದು. ಎರಡು ‘ವೆನ್’ಗಳು ನಮ್ಮ ಕಿವಿಗೆ ಒಂದೇ ಆಗಿ ಕೇಳಿದರೂ ಅವುಗಳ ಸ್ವರ ಬೇರೆ, ಲಿಪಿ ಬೇರೆ. ಮೊದಲನೆಯದಕ್ಕೆ ಆಲಿಸುವುದೆಂದೂ ಅರ್ಥ, ಮೂಸುವುದೆಂದೂ ಅರ್ಥ. ರೋಗಿಯ ದನಿ, ಕೆಮ್ಮು, ಉಸಿರಾಟ, ಮೈ ಬಾಯಿಗಳ ವಾಸನೆ ಎಲ್ಲವೂ ಈ ಒಂದು ಮಾತಿನಲ್ಲಿ ಅಡಗಿವೆ. ಎರಡನೆಯ ವೆನ್ ಎಂದರೆ ಪ್ರಶ್ನಿಸುವುದು. ಚಿಯೆ ಎಂದರೆ ಮುಟ್ಟಿ ನೋಡುವುದು; ನಾಡಿ ಇದರಲ್ಲಿ ಸೇರಿತು. ‘ನಾನ್ ಜಿಂಗ್’ ಎಂಬ ಪ್ರಾಚೀನ ಗ್ರಂಥ ವೈದ್ಯರಿಗೆ ದರ್ಜೆಯನ್ನೂ ಕಟ್ಟಿದೆ. ನೋಡಿದ ಮಾತ್ರಕ್ಕೆ ರೋಗವನ್ನು ಅರಿಯುವವನು ದೇವಸಮಾನ, ಆಲಿಸಿ ಅರಿಯುವವನು ಜ್ಞಾನಿ, ಕೇಳಿ ತಿಳಿಯುವವನು ಒಳ್ಳೆಯ ಕಸುಬುದಾರ, ನಾಡಿ ಮುಟ್ಟಿ ತಿಳಿಯುವವನು ಕೈಚಳಕದವನು!

ಆ ದೇವಸಮಾನ ವೈದ್ಯನಿಗೆ ಉದಾಹರಣೆಯಾಗಿ ಚೀನೀಯರು ಹೇಳುವ ಹೆಸರು ಬಿಯೆನ್ ಚ್ಯುಯೆ. ಕ್ರಿ. ಪೂ. ಮೊದಲ ಶತಮಾನದ ಆದಿಯಲ್ಲಿ ಬರೆದ ಚರಿತ್ರಕಾರ ಸಿಮಾ ಚಿಯೆನ್ ಈತನ ಕಥೆಯನ್ನು ಕೊಟ್ಟಿದ್ದಾನೆ. ಚೀ ರಾಜ್ಯದ ಒಡೆಯನನ್ನು ಕಂಡ ಬಿಯೆನ್ ಚ್ಯುಯೆ, “ತಮಗೆ ಚರ್ಮದಲ್ಲಿ ರೋಗವಿದೆ, ಈಗಲೇ ಮದ್ದು ಮಾಡದಿದ್ದರೆ ಒಳಕ್ಕಿಳಿದೀತು” ಎಂದು ಅರಿಕೆ ಮಾಡಿಕೊಂಡನಂತೆ. ಒಡೆಯ ನಂಬಲಿಲ್ಲ, ರೋಗವಿಲ್ಲದವರಿಗೆ ಮದ್ದು ಕೊಟ್ಟು ಹೆಸರು ಗಳಿಸುವ ಆಸೆ ಇವನಿಗೆ ಎಂದ. ಐದು ದಿನಗಳ ಮೇಲೆ ಬಂದಾಗ ರೋಗ ರಕ್ತನಾಳಗಳಿಗೆ ಇಳಿದಿತ್ತು. ಮತ್ತೆ ಐದು ದಿನಕ್ಕೆ ಜಠರ, ಕರುಳು. ನಾಲ್ಕನೆಯ ಸಲ ವೈದ್ಯ ದೂರದಿಂದಲೇ ನೋಡಿ, ಮಾತೇ ಆಡದೆ ಹಿಂದಿರುಗಿದ. ಏಕೆಂದರೆ ರೋಗ ಮಜ್ಜೆಯನ್ನು ಮುಟ್ಟಿತ್ತು. ಒಡೆಯನಿಗೆ ನೋವು ಕಾಣಿಸಿಕೊಂಡು ಕರೆಕಳಿಸುವ ಹೊತ್ತಿಗೆ ವೈದ್ಯ ಊರು ಬಿಟ್ಟಿದ್ದ, ಒಡೆಯ ಉಳಿಯಲಿಲ್ಲ. ಸಿಮಾ ಚಿಯೆನ್ ಕೊಡುವ ಕಾಲವನ್ನು ನಂಬಿದರೆ ಬಿಯೆನ್ ಚ್ಯುಯೆ ಶತಮಾನಗಟ್ಟಲೆ ಬದುಕಿರಬೇಕಾಗುತ್ತದೆ! ಆದ್ದರಿಂದ ಇದನ್ನು ಕಥೆಯೆಂದೇ ಓದಿಕೊಳ್ಳಿ.

ನೋಡುವುದರಲ್ಲಿ ಮುಖ್ಯವಾದದ್ದು ಮುಖದ ಬಣ್ಣ, ಕಣ್ಣಿನ ಕಾಂತಿ, ನಡಿಗೆ, ಮತ್ತು ನಾಲಗೆ. ನಾಲಗೆಯ ತುದಿ ಹೃದಯಕ್ಕೆ, ಅಂಚುಗಳು ಯಕೃತ್ತಿಗೆ, ನಡುಭಾಗ ಜಠರಕ್ಕೂ ಗುಲ್ಮಕ್ಕೂ, ಬುಡ ಮೂತ್ರಪಿಂಡಗಳಿಗೆ ಸೇರಿದ್ದೆಂದು ಅವರ ಎಣಿಕೆ. ತೆಳುವಾದ ಬಿಳಿಯ ಪದರ ಇದ್ದರೆ ಸಹಜ. ಹಳದಿಗೆ ತಿರುಗಿದರೆ ಮೈಯೊಳಗೆ ಉಷ್ಣ. ನಾಲಗೆಯೇ ಬಿಳಿಚಿಕೊಂಡಿದ್ದರೆ ರಕ್ತ ಸಾಲದು. 1341ರಷ್ಟು ಹಿಂದೆಯೇ 36 ನಾಲಗೆಗಳ ಚಿತ್ರಗಳುಳ್ಳ ಪುಸ್ತಕವೊಂದು ಅಲ್ಲಿ ಸಿದ್ಧವಾಗಿತ್ತು. ತಿಂದದ್ದು ಕುಡಿದದ್ದು ನಾಲಗೆಗೆ ಬಣ್ಣ ಹಚ್ಚಿ ವೈದ್ಯನನ್ನು ಏಮಾರಿಸಬಹುದೆಂಬ ಎಚ್ಚರಿಕೆಯನ್ನೂ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಎಲೆ ಅಡಿಕೆ ಹಾಕುವ ನಮ್ಮವರ ನಾಲಗೆಯನ್ನು ಕಂಡಿದ್ದರೆ ಅವರೇನು ಹೇಳುತ್ತಿದ್ದರೋ!

ಇನ್ನು ನಾಡಿ. ಎರಡು ಮಣಿಕಟ್ಟುಗಳಲ್ಲಿ ಮೂರು ಮೂರು ಸ್ಥಾನ. ಒಂದೊಂದಕ್ಕೂ ಒಂದೊಂದು ಅಂಗ. ಮೂರನೆಯ ಶತಮಾನದ ವಾಂಗ್ ಶುಹೆ ತನ್ನ ನಾಡೀಗ್ರಂಥದಲ್ಲಿ 24 ಬಗೆಯ ನಾಡಿಗಳನ್ನು ವರ್ಣಿಸಿದ್ದಾನೆ. ನೀರಿನಲ್ಲಿ ತೇಲುವ ಮರದ ತುಂಡಿನಂಥದು ಒಂದು, ಬಿಗಿದ ತಂತಿಯಂಥದು ಒಂದು, ತಟ್ಟೆಯಲ್ಲಿ ಉರುಳುವ ಮುತ್ತಿನಂಥದು ಮತ್ತೊಂದು. ಗಡಿಯಾರವಿಲ್ಲದ ಆ ಕಾಲದಲ್ಲಿ ಬಡಿತವನ್ನು ಎಣಿಸುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತು. ವೈದ್ಯ ತನ್ನ ಉಸಿರನ್ನೇ ಅಳತೆಗೋಲು ಮಾಡಿಕೊಳ್ಳುತ್ತಿದ್ದ. ತಾನು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ರೋಗಿಯ ನಾಡಿ ನಾಲ್ಕು ಬಾರಿ ಬಡಿದರೆ ಸರಿ, ಮೂರಾದರೆ ನಿಧಾನ, ಆರಾದರೆ ವೇಗ. ಹಾಗೆಂದಮೇಲೆ ವೈದ್ಯನಾದವನು ಆರೋಗ್ಯವಂತನಾಗಿರಬೇಕು, ಮನಸ್ಸು ಕದಡದೆ ಕುಳಿತಿರಬೇಕು! ಈ ವಿದ್ಯೆಯ ವರ್ತಮಾನ ಯೂರೋಪನ್ನು ಮುಟ್ಟಿದಾಗ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಅದರಲ್ಲಿ ಆಸಕ್ತಿ ತಳೆದ. ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ಅದರ ಮೇಲೆ ಪುಸ್ತಕ ಬರೆದ.

ನಮ್ಮಲ್ಲೂ ಪಂಡಿತರು ಮೂರು ಬೆರಳಿಟ್ಟು ನಾಡಿ ನೋಡುವುದನ್ನು ನೀವು ಬಲ್ಲಿರಿ. ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸವೂ ಉಂಟು. ಕೈ ಚಾಚಿ, “ಏನಾಗಿದೆಯೆಂದು ನೀವೇ ಹೇಳಿ, ಪಂಡಿತರೆ” ಎಂದು ಸುಮ್ಮನೆ ಕೂರುವುದು. ವೈದ್ಯರ ವಿದ್ಯೆಗೆ ಅದು ಪರೀಕ್ಷೆಯಂತೆ. ಒಂಬೈನೂರು ವರ್ಷಗಳ ಹಿಂದೆ ಚೀನೀ ಜನರೂ ಹೀಗೆಯೇ ಮಾಡುತ್ತಿದ್ದರು. ಅಲ್ಲಿನ ಹಿರಿಯ ಕವಿ ಸು ಡಾಂಗ್ ಪೊ (1037–1101) ಇದನ್ನು ಕಂಡು ಬೇಸರಪಟ್ಟು ಬರೆದಿದ್ದಾನೆ. ತಾನಾದರೋ ಮೊದಲು ತನ್ನ ಬಾಧೆಯನ್ನೆಲ್ಲ ವೈದ್ಯನಿಗೆ ವಿವರವಾಗಿ ತಿಳಿಸಿ ಆಮೇಲೆಯೇ ನಾಡಿಗೆ ಕೈ ಕೊಡುವುದು, ತನಗೆ ಬೇಕಾದದ್ದು ಗುಣವೇ ಹೊರತು ವೈದ್ಯನನ್ನು ಸಿಕ್ಕಿಹಾಕಿಸುವುದಲ್ಲ ಎಂಬುದು ಅವನ ವಾದ. ಮುಂದೆ ಮಿಂಗ್ ಅರಸರ ಕಾಲದ ಜಾಂಗ್ ಜಿಯೆಬಿನ್, ವೈದ್ಯ ಕೇಳಲೇಬೇಕಾದ ಪ್ರಶ್ನೆಗಳ ಪಟ್ಟಿಯನ್ನೇ ಕಟ್ಟಿಕೊಟ್ಟ: ಚಳಿಯೊ, ಜ್ವರವೊ? ಬೆವರು ಹೇಗೆ? ತಲೆ, ಮೈ? ಮಲಮೂತ್ರ? ಊಟ? ಬಾಯಾರಿಕೆ? ನಮ್ಮ ಡಾಕ್ಟರುಗಳು ಕೇಳುವುದೂ ಬಹುಮಟ್ಟಿಗೆ ಇವನ್ನೇ ಅಲ್ಲವೆ?

ಲಕ್ಷಣ ನೋಡಿ ಹೇಳಿದ್ದು ಎಷ್ಟರಮಟ್ಟಿಗೆ ನಿಜವಾಗುತ್ತದೆ? ಈ ಪ್ರಶ್ನೆಯನ್ನು ಚೀನಾದ ಚಕ್ರವರ್ತಿಯೇ ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಚುನ್ ಯು ಯಿ ಎಂಬ ವೈದ್ಯನಿಗೆ ಹಾಕಿದ್ದ. ತಾನು ನೋಡಿದ 25 ರೋಗಿಗಳ ವೃತ್ತಾಂತವನ್ನು ಬರೆದಿಟ್ಟವನು ಈತ. ಬದುಕಿದವರ ಸಂಗತಿಯೂ ಅದರಲ್ಲಿದೆ, ಸತ್ತವರ ಸಂಗತಿಯೂ ಇದೆ. ಒಮ್ಮೊಮ್ಮೆ ತಪ್ಪುವುದುಂಟು, ಪೂರ್ಣತೆ ತನ್ನಿಂದಾಗದು ಎಂದು ಚಕ್ರವರ್ತಿಗೆ ಆತ ನೇರವಾಗಿ ತಿಳಿಸಿದ.

ಇಂದು ಈ ವಿದ್ಯೆಯನ್ನು ತೂಗಿ ನೋಡಿದವರಿಗೆ ಕಂಡದ್ದೂ ಬೆರಕೆಯೇ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದು, ರಕ್ತ ಕಡಮೆಯಾದಾಗ ನಾಲಗೆ ಬಿಳಿಚುವುದು, ಮೈಯಲ್ಲಿ ನೀರು ಬತ್ತಿದಾಗ ಬಾಯಿ ಒಣಗುವುದು ಯಾವ ಪದ್ಧತಿಯ ವೈದ್ಯನಿಗಾದರೂ ಬೆಲೆಯುಳ್ಳ ಗುರುತುಗಳು. ಆದರೆ ಮಣಿಕಟ್ಟಿನ ಇಂಥ ಬೆರಳ ಕೆಳಗೆ ಯಕೃತ್ತು, ಇಂಥದರ ಕೆಳಗೆ ಮೂತ್ರಪಿಂಡ ಎಂಬ ಮಾತಿಗೆ ಆಧಾರ ದೊರೆತಿಲ್ಲ. ಎಲ್ಲ ಬೆರಳಿಗೂ ಸಿಕ್ಕುವುದು ಒಂದೇ ರಕ್ತನಾಳ. ಒಬ್ಬನೇ ರೋಗಿಯ ನಾಡಿಯನ್ನು ಹಲವರಿಂದ ನೋಡಿಸಿದಾಗ ಅವರವರ ಮಾತು ಹೊಂದದೆ ಹೋದದ್ದೂ ಉಂಟು. ಮೇಲಾಗಿ ಸಿಹಿಮೂತ್ರ, ರಕ್ತದ ಒತ್ತಡದಂಥ ಬೇನೆಗಳು ಮುಖದಲ್ಲಿಯೂ ನಾಲಗೆಯಲ್ಲಿಯೂ ಸುಳಿವು ಕೊಡದೆ ವರ್ಷಗಟ್ಟಲೆ ಮೈಯಲ್ಲಿ ಮನೆಮಾಡಿಕೊಂಡಿರಬಲ್ಲವು. ಬಿಯೆನ್ ಚ್ಯುಯೆ ಬಂದರೂ ಅವನ್ನು ಬರಿಗಣ್ಣಿನಲ್ಲಿ ಕಂಡುಹಿಡಿಯಲಾರ.

ಚೀನಾ ದೇಶದಲ್ಲಿ 1956ರಲ್ಲಿ ಬೀಜಿಂಗ್, ಷಾಂಘೈ, ಗ್ವಾಂಗ್ ಜೋ, ಚೆಂಗ್ಡು ನಗರಗಳಲ್ಲಿ ಹಳೆಯ ವೈದ್ಯಕ್ಕೆಂದೇ ಕಾಲೇಜುಗಳು ತೆರೆದವು. ಅಂಥ ಕಡೆ ಓದುವವರು ಈಗ ನಾಡಿ, ನಾಲಗೆಗಳ ಜೊತೆಗೆ ಅಂಗರಚನಾಶಾಸ್ತ್ರವನ್ನೂ ಹೊಸ ವೈದ್ಯವನ್ನೂ ಕಲಿಯುತ್ತಾರೆ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಮಣಿಕಟ್ಟಿಗೆ ಆಸರೆಯಾಗಿ ಇಡುವ ಪುಟ್ಟ ದಿಂಬು ವೈದ್ಯರ ಮೇಜಿನ ಮೇಲೆ ಇಂದಿಗೂ ಇದೆ. ನಾಡಿ ನೋಡಿ ಮುಗಿದ ಮೇಲೆ, ಬೇಕೆನಿಸಿದರೆ, ಅವರೇ ರಕ್ತಪರೀಕ್ಷೆಗೂ ಚೀಟಿ ಬರೆದುಕೊಡುತ್ತಾರೆ.